ಒಂದೇ ಫಾರಂ, ಎರಡು ಭಾಷೆ

ಓದುಗರ ಪತ್ರ: ಮಾನ್ಯ ಸಂಪಾದಕರೇ, ನಮ್ಮ ಸೋದರಮಾವನವರ ಹಳೆಯ ಎಲ್‌ಪಿಗಳ ನಡುವೆ ಬಡ್ಜಿ ಅನ್ನೋ ಬ್ಯಾಂಡಿನ ರೆಕಾರ್ಡ್ ಒಂದು ಸಿಕ್ಕಿತು. ಹುಡುಕಿ ನೋಡಿದರೆ 'ವೆಲ್ಶ್ ಬ್ಯಾಂಡ್' ಅಂತ ಬರೆದಿದ್ದಾರೆ. ಹಾಡೆಲ್ಲ ಇಂಗ್ಲಿಷ್‌ನಲ್ಲೇ ಇದೆ. ಹಾಗಾದರೆ ವೆಲ್ಶ್ ರಾಕ್ ಅಂತ ನಿಜವಾಗಿ ಒಂದು ಇದೆಯಾ, ಇಲ್ಲಾ ಹುಟ್ಟಿದ ಊರು ನೋಡಿ ಅಂಟಿಸಿದ ಚೀಟಿಯಾ? ವೆಲ್ಶ್ ಭಾಷೆಯಲ್ಲೇ ಹಾಡಿದವರೂ ಇದ್ದರಂತೆ. ಅದರಿಂದ ಏನು ಬಂತು? ಹೊರಗೆ ಯಾರೂ ಕೇಳಲಿಲ್ಲ, ಅಲ್ವಾ? ಸುಮ್ನೆ ಹಠ ಅನಿಸುತ್ತದೆ. ಕೇಳುವಂಥ ಕೆಲವು ಆಲ್ಬಮ್ ತಿಳಿಸಿ. (ಓದುಗರೊಬ್ಬರು, ಶಿವಮೊಗ್ಗ)

ಸಂಪಾದಕರ ಉತ್ತರ:

ನಮಸ್ಕಾರ. ವೆಲ್ಶ್ ಅಂದರೆ ಬ್ರಿಟನ್ನಿನ ವೇಲ್ಸ್ ನಾಡಿನದು. ವೆಲ್ಶ್ ರಾಕ್ ಇದೆ. ಆದರೆ ಅದು ಒಂದು ಶೈಲಿಯ ಹೆಸರಲ್ಲ. 'ಹೀಗೆ ಕೇಳಿಸಿದರೆ ವೆಲ್ಶ್' ಅಂತ ಗುರುತು ಹಿಡಿಯಲು ಹೋದರೆ ನಿರಾಸೆಯೇ. 1970ರ ಆಸುಪಾಸಿನ ಮೂರು ದೊಡ್ಡ ಹೆಸರು ತಗೊಳ್ಳಿ: ಬಡ್ಜಿ, ಮ್ಯಾನ್, ಬ್ಯಾಡ್‌ಫಿಂಗರ್. ಮೂರಕ್ಕೂ ಒಂದಕ್ಕೊಂದು ಸಂಬಂಧವೇ ಇಲ್ಲ.

ನಿಮ್ಮ ಕೈಯಲ್ಲಿರುವ ಬಡ್ಜಿಯಿಂದಲೇ ಶುರು ಮಾಡೋಣ. 1967ರಲ್ಲಿ ಕಾರ್ಡಿಫ್‌ನಲ್ಲಿ ಹುಟ್ಟಿದ ಬ್ಯಾಂಡ್ ಅದು. ಬರ್ಕ್ ಶೆಲ್ಲಿ ಬೇಸ್ ನುಡಿಸುತ್ತಲೇ ಹಾಡುತ್ತಿದ್ದರು. ಗಿಟಾರ್ ಟೋನಿ ಬೋರ್ಜ್, ಡ್ರಮ್ಸ್ ರೇ ಫಿಲಿಪ್ಸ್. ಮೂರೇ ಜನ, ಆದರೆ ಸದ್ದು ಆರು ಜನರದ್ದು. ತೂಕದ ರಿಫ್‌ಗಳು (ಗಿಟಾರ್‌ನಲ್ಲಿ ಮತ್ತೆ ಮತ್ತೆ ಬರುವ ಸಣ್ಣ ತುಣುಕುಗಳು), ಅವುಗಳ ಮೇಲೆ ತೆಳ್ಳಗೆ ಎತ್ತರಕ್ಕೆ ಹೋಗುವ ಶೆಲ್ಲಿಯವರ ದನಿ. 1971ರ ಮೊದಲ ಆಲ್ಬಮ್ಮಿನ ನಿರ್ಮಾಪಕ ರಾಜರ್ ಬೇನ್. ಹೆವಿ ಮೆಟಲ್ ಬ್ಯಾಂಡ್ ಬ್ಲ್ಯಾಕ್ ಸಬ್ಬತ್‌ನ ಮೊದಲ ಆಲ್ಬಮ್‌ಗಳ ಹಿಂದೆ ಇದ್ದವರೂ ಅವರೇ. ಹಾಗಂತ ಬಡ್ಜಿ ಸಬ್ಬತ್‌ನ ನಕಲಲ್ಲ. ಅವರಲ್ಲಿ ತುಂಟತನ ಜಾಸ್ತಿ. ಟೈರ್ ಹಾಕುವವನ ಕೈಹಿಡಿತದ ಬಗ್ಗೆ, ಹಡಗುಕಟ್ಟೆಯ ಹಮಾಲಿಯ ಕಂಕುಳಿನ ಬಗ್ಗೆ ಹಾಡಿನ ಶೀರ್ಷಿಕೆ ಇಡುವ ಹೆವಿ ಬ್ಯಾಂಡ್ ಬೇರೆ ಯಾವುದಿದೆ?

1973ರ 'ನೆವರ್ ಟರ್ನ್ ಯುವರ್ ಬ್ಯಾಕ್ ಆನ್ ಎ ಫ್ರೆಂಡ್' ಅವರ ಅತ್ಯುತ್ತಮ ಆಲ್ಬಮ್ ಅಂತ ನನ್ನ ಅಭಿಪ್ರಾಯ. ಹೊದಿಕೆಯ ಚಿತ್ರ ರಾಜರ್ ಡೀನ್ ಬಿಡಿಸಿದ್ದು, ಯೆಸ್ ಬ್ಯಾಂಡಿನ ಹೊದಿಕೆಗಳಿಂದ ಹೆಸರಾದವರು. ಅದರ ಮೊದಲ ಹಾಡು 'ಬ್ರೆಡ್‌ಫ್ಯಾನ್'. ಹದಿನೈದು ವರ್ಷದ ನಂತರ ಅಮೆರಿಕದ ಮೆಟಲ್ ಬ್ಯಾಂಡ್ ಮೆಟಾಲಿಕಾ ಅದನ್ನೇ ಎತ್ತಿಕೊಂಡು ನುಡಿಸಿತು. ಅದಕ್ಕೂ ಮೊದಲು 1987ರಲ್ಲಿ ಬಡ್ಜಿಯ ಇನ್ನೊಂದು ಹಾಡನ್ನೂ ನುಡಿಸಿತ್ತು. ಬಡ್ಜಿ ಅನ್ನೋ ಹೆಸರನ್ನು ಜಗತ್ತಿನ ಅರ್ಧಕ್ಕಿಂತ ಜಾಸ್ತಿ ಜನ ಕೇಳಿದ್ದು ಹೀಗೆ, ಎರವಲಿನ ದಾರಿಯಲ್ಲಿ. ಶೆಲ್ಲಿ 2022ರಲ್ಲಿ ತೀರಿಕೊಂಡರು.

ಮ್ಯಾನ್ ಬೇರೆಯದೇ ಜಾತಿ. ದಕ್ಷಿಣ ವೇಲ್ಸ್‌ನ ಹುಡುಗರು, ಆದರೆ ಮನಸ್ಸೆಲ್ಲ ಸ್ಯಾನ್ ಫ್ರಾನ್ಸಿಸ್ಕೋದ ಉದ್ದುದ್ದ ರಾಕ್‌ನಲ್ಲಿ. ಹಾಡು ಶುರುವಾದರೆ ಮುಗಿಯುವ ಅವಸರವೇ ಇಲ್ಲ. 1972ರ 'ಬಿ ಗುಡ್ ಟು ಯುವರ್‌ಸೆಲ್ಫ್ ಅಟ್ ಲೀಸ್ಟ್ ಒನ್ಸ್ ಎ ಡೇ' ಆಲ್ಬಮ್‌ನಲ್ಲಿ ಇರುವುದು ನಾಲ್ಕೇ ಹಾಡು. ಆದರೆ ಅದರ ಹೊದಿಕೆ ಬಿಡಿಸಿದರೆ ವೇಲ್ಸ್‌ನ ದೊಡ್ಡ ವ್ಯಂಗ್ಯ ನಕ್ಷೆಯೊಂದು ತೆರೆದುಕೊಳ್ಳುತ್ತದೆ. ಮರುವರ್ಷ ಲಂಡನ್ನಿನ ರೌಂಡ್‌ಹೌಸ್‌ನಲ್ಲಿ ಕಛೇರಿ ಕೊಟ್ಟಾಗ ಅವರು ವೇದಿಕೆಗೆ ಕರೆತಂದಿದ್ದು ಗ್ವಾಲಿಯಾ ಎಂಬ ವೆಲ್ಶ್ ಗಂಡಸರ ಮೇಳವನ್ನು. ಆ ರೆಕಾರ್ಡಿಂಗ್ 'ಬ್ಯಾಕ್ ಇಂಟು ದ ಫ್ಯೂಚರ್' ಆಲ್ಬಮ್‌ನಲ್ಲಿದೆ. ವೇಲ್ಸ್‌ನ ಗಣಿ ಊರುಗಳಲ್ಲೂ ಪ್ರಾರ್ಥನಾ ಮಂದಿರಗಳಲ್ಲೂ ಬೆಳೆದ ಮೇಳಗಾಯನ ಒಂದು ಕಡೆ, ಉದ್ದ ಕೂದಲಿನ ಗಿಟಾರಿಗರು ಇನ್ನೊಂದು ಕಡೆ. ಸ್ವಲ್ಪ ಎಡವಟ್ಟಾಗಿಯೇ ಕೇಳಿಸುತ್ತದೆ, ಆದರೂ ನನಗೆ ಇಷ್ಟ. ಅಂದಹಾಗೆ ಇದೇ ಬ್ಯಾಂಡಿನ ಡ್ರಮ್ಮರ್ ಟೆರ್ರಿ ವಿಲಿಯಮ್ಸ್ ಮುಂದೆ ಡೈರ್ ಸ್ಟ್ರೇಟ್ಸ್ ಸೇರಿದರು.

ಬ್ಯಾಡ್‌ಫಿಂಗರ್ ಕಥೆ ಹೇಳುವಾಗ ಮಾತ್ರ ಹೊಟ್ಟೆ ಉರಿಯುತ್ತದೆ. ಸ್ವಾನ್ಸಿಯ 'ಐವೀಸ್' ಎಂಬ ಬ್ಯಾಂಡನ್ನು 1968ರಲ್ಲಿ ಬೀಟಲ್ಸ್ ತಮ್ಮ ಸ್ವಂತ ಆ್ಯಪಲ್ ರೆಕಾರ್ಡ್ ಕಂಪನಿಗೆ ಸೇರಿಸಿಕೊಂಡರು. ಹೆಸರು ಬದಲಾಯಿತು. ಮೊದಲ ದೊಡ್ಡ ಹಿಟ್ ಹಾಡನ್ನು ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ಬರೆದುಕೊಟ್ಟರು. ಇದಕ್ಕಿಂತ ಒಳ್ಳೆ ಶುರು ಯಾರಿಗೆ ಸಿಗುತ್ತದೆ? ಆದರೆ ಅವರಿಗೆ ಬೇರೆಯವರ ಹಾಡಿನ ಅಗತ್ಯವೇ ಇರಲಿಲ್ಲ. ಸ್ವಾನ್ಸಿಯ ಪೀಟ್ ಹ್ಯಾಮ್ ಮತ್ತು ಲಿವರ್‌ಪೂಲ್‌ನ ಟಾಮ್ ಇವಾನ್ಸ್ ಸೇರಿ ಬರೆದ 'ವಿದೌಟ್ ಯು' 1970ರ 'ನೋ ಡೈಸ್' ಆಲ್ಬಮ್‌ನಲ್ಲಿ ಒಂದು ಮೂಲೆಯಲ್ಲಿ ಕೂತಿತ್ತು. ಹ್ಯಾರಿ ನಿಲ್ಸನ್ ಹಾಡಿದ ಮೇಲೆ 1972ರಲ್ಲಿ ಅದು ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ಒಂದನೇ ಸ್ಥಾನಕ್ಕೆ ಹೋಯಿತು. 1994ರಲ್ಲಿ ಮರಾಯ ಕ್ಯಾರಿ ಹಾಡಿದರು, ಬ್ರಿಟನ್ನಿನಲ್ಲಿ ಮತ್ತೆ ಒಂದನೇ ಸ್ಥಾನ. ಇದು ಸ್ವಾನ್ಸಿಯ ಹುಡುಗನೊಬ್ಬ ಸೇರಿ ಬರೆದ ಹಾಡು ಅಂತ ಎಷ್ಟು ಜನರಿಗೆ ಗೊತ್ತು?

ನಮ್ಮ ಕಡೆಯ ಒಂದು ಎಳೆಯೂ ಇಲ್ಲಿ ಸಿಗುತ್ತದೆ. ಬ್ಯಾಡ್‌ಫಿಂಗರ್‌ನ 'ಸ್ಟ್ರೇಟ್ ಅಪ್' ಆಲ್ಬಮ್ಮನ್ನು ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ ಮಾಡಿಸುತ್ತಿದ್ದರು. ಅದು ಅರ್ಧಕ್ಕೆ ನಿಂತಿತು. ಕಾರಣ, ಪಂಡಿತ್ ರವಿಶಂಕರ್ ಬಂಗಾಳದ ನಿರಾಶ್ರಿತರಿಗೆ ನೆರವು ಬೇಕೆಂದು ಹ್ಯಾರಿಸನ್ ಅವರನ್ನು ಕೇಳಿಕೊಂಡಿದ್ದು. 1971ರ ಆಗಸ್ಟ್ 1ರಂದು ನ್ಯೂಯಾರ್ಕ್‌ನಲ್ಲಿ ಬಾಂಗ್ಲಾದೇಶ ಸಹಾಯಾರ್ಥ ಕಛೇರಿ ನಡೆಯಿತು. ಬ್ಯಾಡ್‌ಫಿಂಗರ್ ಹುಡುಗರು ಹಿಂದೆ ನಿಂತು ಅಕೂಸ್ಟಿಕ್ ಗಿಟಾರ್ ನುಡಿಸಿದರು. ಒಂದು ಹಾಡಿಗೆ ಹ್ಯಾರಿಸನ್ ಪಕ್ಕದಲ್ಲಿ ಪೀಟ್ ಹ್ಯಾಮ್ ಒಬ್ಬರೇ. ಆಲ್ಬಮ್ಮನ್ನು ಕೊನೆಗೆ ಟಾಡ್ ರಂಡ್‌ಗ್ರೆನ್ ಮುಗಿಸಿಕೊಟ್ಟರು. ಆಮೇಲೆ ಹಣದ ವ್ಯವಹಾರ ಹಳಿ ತಪ್ಪಿತು. 1974ರ ಕೊನೆಗೆ ಬಂದ 'ವಿಶ್ ಯು ವರ್ ಹಿಯರ್' ಆಲ್ಬಮ್ಮನ್ನು ಕೆಲವೇ ವಾರಗಳಲ್ಲಿ ಅಂಗಡಿಗಳಿಂದ ವಾಪಸ್ ತರಿಸಲಾಯಿತು. ಪೀಟ್ ಹ್ಯಾಮ್ 1975ರ ಏಪ್ರಿಲ್‌ನಲ್ಲಿ ಇಲ್ಲವಾದರು. ಇನ್ನೂ 28 ತುಂಬಿರಲಿಲ್ಲ. ಟಾಮ್ ಇವಾನ್ಸ್ 1983ರಲ್ಲಿ ಹೋದರು. ಇದಕ್ಕಿಂತ ಹೆಚ್ಚು ಬರೆಯಲು ಮನಸ್ಸಿಲ್ಲ.

ಈ ಮೂರೂ ಬ್ಯಾಂಡ್ ಹಾಡಿದ್ದು ಇಂಗ್ಲಿಷ್‌ನಲ್ಲಿ. ಹಾಗಾಗಿ 'ಚೀಟಿ' ಅನ್ನೋ ನಿಮ್ಮ ಅನುಮಾನ ಸಹಜವೇ. ಇಲ್ಲಿಗೇ ನಿಲ್ಲಿಸಿದರೆ ನಾನೂ ಒಪ್ಪುತ್ತಿದ್ದೆ. ಆದರೆ ಈಗ ಒಂದು ಫಾರಂಗೆ ಹೋಗೋಣ.

ಮನ್‌ಮತ್ ಪಟ್ಟಣದ ಹತ್ತಿರ ರಾಕ್‌ಫೀಲ್ಡ್ ಅಂತ ಜಾಗ. ಕಿಂಗ್ಸ್‌ಲಿ ಮತ್ತು ಚಾರ್ಲ್ಸ್ ವಾರ್ಡ್ ಎಂಬ ಅಣ್ಣತಮ್ಮಂದಿರ ಮನೆಯಲ್ಲಿ ಹೈನುಗಾರಿಕೆ. ಇವರಿಗೋ ರಾಕ್ ಅಂಡ್ ರೋಲ್ ಹುಚ್ಚು. 1960ರ ದಶಕದಲ್ಲಿ ಹಸುಗಳ ಪಕ್ಕದಲ್ಲೇ ಟೇಪ್ ಮೆಷಿನ್ ಇಟ್ಟುಕೊಂಡು ಶುರು ಮಾಡಿದರು, ಒಂದೊಂದಾಗಿ ಫಾರಂನ ಕಟ್ಟಡಗಳನ್ನು ಸ್ಟುಡಿಯೋ ಮಾಡಿದರು. ಬ್ಯಾಂಡಿನವರು ಅಲ್ಲೇ ಉಳಿದು, ಉಂಡು, ಮಲಗಿ, ರೆಕಾರ್ಡ್ ಮಾಡಬಹುದಿತ್ತು. ಜಗತ್ತಿನಲ್ಲಿ ಅಂಥ ಮೊದಲ ಸ್ಟುಡಿಯೋ ಅದೇ ಅನ್ನುತ್ತಾರೆ. ಕಾರ್ಡಿಫ್‌ನ ಡೇವ್ ಎಡ್ಮಂಡ್ಸ್ 1970ರಲ್ಲಿ ಒಂದನೇ ಸ್ಥಾನಕ್ಕೇರಿದ ಹಾಡನ್ನು ಮಾಡಿದ್ದು ಅಲ್ಲಿ. ಬಡ್ಜಿಯ ಮೊದಲ ಆಲ್ಬಮ್ ಅಲ್ಲಿಯದೇ. ಕ್ವೀನ್‌ನ 'ಬೊಹೀಮಿಯನ್ ರ‍್ಯಾಪ್ಸಡಿ' ಶುರುವಾಗಿದ್ದೂ ಅಲ್ಲೇ, 1975ರಲ್ಲಿ.

ಇದನ್ನೆಲ್ಲ ಎಲ್ಲರೂ ಹೇಳುತ್ತಾರೆ. ಜಾಸ್ತಿ ಯಾರೂ ಹೇಳದ ಇನ್ನೊಂದು ಸಂಗತಿ ಇದೆ. 1969ರಲ್ಲಿ ಇದೇ ಫಾರಂನಲ್ಲಿ ಹ್ಯೂ ಜೋನ್ಸ್ ಎಂಬ ಯುವಕ ವೆಲ್ಶ್ ಭಾಷೆಯ ಒಂದು ಹಾಡನ್ನು ರೆಕಾರ್ಡ್ ಮಾಡಿದರು. ಹೆಸರು 'ದೂರ್', ಅಂದರೆ ನೀರು. ಲಿವರ್‌ಪೂಲ್ ನಗರಕ್ಕೆ ನೀರು ಬೇಕೆಂದು ವೇಲ್ಸ್‌ನ ಟ್ರವೆರಿನ್ ಕಣಿವೆಗೆ ಅಣೆಕಟ್ಟು ಕಟ್ಟಿ, ವೆಲ್ಶ್ ಮಾತಾಡುವ ಕಾಪೆಲ್ ಕೆಲಿನ್ ಹಳ್ಳಿಯನ್ನು 1965ರಲ್ಲಿ ಮುಳುಗಿಸಿದ್ದರು. ಆ ನೀರಿನ ಹಾಡು ಅದು. ಸೈನ್ ಎಂಬ ಹೊಸ ರೆಕಾರ್ಡ್ ಕಂಪನಿಯ ಮೊದಲ ರೆಕಾರ್ಡ್ ಕೂಡ ಅದೇ. ಕಂಪನಿ ಕಟ್ಟಿದವರು ಹ್ಯೂ ಜೋನ್ಸ್, ಗಾಯಕ ಡಾವಿದ್ ಇವಾನ್ ಮತ್ತು ಬ್ರಯನ್ ಮಾರ್ಗನ್ ಎಡ್ವರ್ಡ್ಸ್.

ಈಗ ನಿಮ್ಮ ಎರಡನೇ ಪ್ರಶ್ನೆ. ಹಠ ಅಂದಿರಿ. ಹಠವೇ. ಆದರೆ ಸುಮ್ನೆ ಬಂದದ್ದಲ್ಲ. 1961ರ ಜನಗಣತಿಯಲ್ಲಿ ವೇಲ್ಸ್‌ನ ನೂರಕ್ಕೆ 26 ಜನ ಮಾತ್ರ ವೆಲ್ಶ್ ಮಾತಾಡುತ್ತಿದ್ದರು. 1971ಕ್ಕೆ 21ರ ಹತ್ತಿರ ಇಳಿಯಿತು. 1962ರಲ್ಲಿ ಸಾಂಡರ್ಸ್ ಲೂಯಿಸ್ ಎಂಬ ಹಿರಿಯ ಸಾಹಿತಿ ರೇಡಿಯೋದಲ್ಲಿ ಭಾಷೆಯ ಗತಿ ಬಗ್ಗೆ ಕಟುವಾಗಿ ಮಾತಾಡಿದರು. ಅದೇ ವರ್ಷ ವೆಲ್ಶ್ ಭಾಷಾ ಸಂಘ ಹುಟ್ಟಿತು. ಇಂಗ್ಲಿಷ್ ಮಾತ್ರ ಇದ್ದ ರಸ್ತೆ ಫಲಕಗಳಿಗೆ ಬಣ್ಣ ಬಳಿದು ಯುವಕರು ಜೈಲಿಗೆ ಹೋದರು. ಇಂಥ ಹೊತ್ತಿನಲ್ಲಿ ಹದಿನೆಂಟರ ಹುಡುಗರಿಗೆ ವೆಲ್ಶ್‌ನಲ್ಲಿ ಇದ್ದ ಸಂಗೀತ ಯಾವುದು? ಪ್ರಾರ್ಥನೆ, ಮೇಳ, ಜನಪದ. ಎಲೆಕ್ಟ್ರಿಕ್ ಗಿಟಾರ್ ಬೇಕೆಂದರೆ ಇಂಗ್ಲಿಷ್‌ಗೇ ಹೋಗಬೇಕು. ಭಾಷೆ ಅಜ್ಜಿಯ ಕಡೆಗೆ, ಮಜಾ ಇಂಗ್ಲಿಷ್ ಕಡೆಗೆ ಅಂತಾದರೆ ಹುಡುಗರು ಯಾವ ಕಡೆ ಹೋಗುತ್ತಾರೆ ಹೇಳಿ.

ಇದನ್ನು ಮೊದಲು ಮುರಿದವರು ಅಬರಿಸ್ಟ್ವಿತ್‌ನ ವಿದ್ಯಾರ್ಥಿಗಳ 'ಅ ಬ್ಲೆವ್' ಬ್ಯಾಂಡ್. ವರ್ಷ 1967. ಬ್ಯಾಂಡ್ ಒಂದು ವರ್ಷವೂ ಬಾಳಲಿಲ್ಲ, ಬಂದಿದ್ದು ಒಂದೇ ಸಿಂಗಲ್, 'ಮಾಯ್ಸ್ ಬೀ'. ಆದರೆ ವೆಲ್ಶ್ ಮಾತ್ರ ನಡೆಯುವ ರಾಷ್ಟ್ರೀಯ ಸಾಂಸ್ಕೃತಿಕ ಉತ್ಸವ ಐಸ್ಟೆದ್‌ವೊಡ್‌ನಲ್ಲಿ ಯುವಕರ ರಾಕ್ ವೇದಿಕೆಗೆ ಇವತ್ತು 'ಮಾಯ್ಸ್ ಬೀ' ಅಂತಲೇ ಹೆಸರು.

ನಿಜವಾಗಿ ಊರೂರು ಕುಣಿಸಿದ್ದು 1973ರಲ್ಲಿ ಶುರುವಾದ ಎಡ್ವರ್ಡ್ ಹೆಚ್. ಡಾವಿಸ್. ಇದು ವ್ಯಕ್ತಿಯಲ್ಲ, ಬ್ಯಾಂಡ್. 1974ರ ಮೊದಲ ಆಲ್ಬಮ್‌ಗೆ 'ಹಳೆಯ ವೆಲ್ಶ್ ಜೀವನ ಪದ್ಧತಿ' ಅಂತ ಹೆಸರಿಟ್ಟರು. ಮರುವರ್ಷದ್ದಕ್ಕೆ 'ಹೊಚ್ಚಹೊಸ ಭರ್ಜರಿ ಆಂಗ್ಲೋ-ಅಮೆರಿಕನ್ ಜೀವನ ಪದ್ಧತಿ' ಅಂತ! ಹಿರಿಯರ ಗೊಣಗಾಟ ಅವರ ಕಿವಿಗೆ ಬಿದ್ದಿತ್ತು ಅಂತ ಕಾಣುತ್ತದೆ. ಸಂಗೀತ ಮಾತ್ರ ಸೀದಾ ಸಾದಾ ರಾಕ್. ಹೊಸತೇನೂ ಇಲ್ಲ. ಹಳ್ಳಿಯ ಹಾಲ್‌ಗಳಲ್ಲಿ ಕುಣಿಯಲು ಅಷ್ಟು ಸಾಕಿತ್ತು.

ಸಂಗೀತದಲ್ಲೇ ಹೊಸತು ಬೇಕೆಂದರೆ ಬೇರೆ ಇಬ್ಬರು ಇದ್ದಾರೆ. ಒಬ್ಬರು ಎಂಡಾವ್ ಎಮ್ಲಿನ್, ಆಲ್ಬಮ್ 'ಸಾಲೆಮ್', 1974. ಸಾಲೆಮ್ ಅನ್ನೋದು 1908ರ ಒಂದು ಜಲವರ್ಣ ಚಿತ್ರ. ಹಳ್ಳಿಯ ಪ್ರಾರ್ಥನಾ ಮಂದಿರದಲ್ಲಿ ಶಾಲು ಹೊದ್ದು, ಎತ್ತರದ ಕಪ್ಪು ಟೋಪಿ ಹಾಕಿದ ಮುದುಕಿ. ಸನ್‌ಲೈಟ್ ಸೋಪಿನವರು ಅದರ ಪ್ರತಿಗಳನ್ನು ಹಂಚಿದ್ದರಿಂದ ವೇಲ್ಸ್‌ನ ಮನೆಮನೆಯ ಗೋಡೆಗೂ ಬಂತು. ಎಮ್ಲಿನ್ ಆ ಚಿತ್ರದಲ್ಲಿ ಕೂತಿರುವವರ ಮೇಲೆ ಹಾಡು ಕಟ್ಟುತ್ತಾ ಇಡೀ ಆಲ್ಬಮ್ ಮಾಡಿದರು. ಇನ್ನೊಬ್ಬರು ಕಾರ್ಡಿಫ್‌ನಲ್ಲಿ ಬೆಳೆದ ಗೆರೈಂಟ್ ಜಾರ್ಮನ್. ಅವರು ವೆಲ್ಶ್‌ಗೆ ಜಮೈಕಾದ ರೆಗ್ಗೆ ಸಂಗೀತ ತಂದರು. ಕಾರ್ಡಿಫ್ ಬಂದರಿನ ಊರು, ಕೆರಿಬಿಯನ್ ಮೂಲದವರು ಅಲ್ಲಿ ತಲೆಮಾರುಗಳಿಂದ ಇದ್ದಾರೆ. ಹಾಗಾಗಿ ಆ ತಾಳ ಎಲ್ಲಿಂದಲೋ ಎತ್ತಿ ತಂದದ್ದು ಅನಿಸುವುದಿಲ್ಲ. ವೆಲ್ಶ್ ಅಂದರೆ ಬೆಟ್ಟ, ಕುರಿ, ಹಳ್ಳಿ ಅಂದುಕೊಂಡವರಿಗೆ ಅವರ ಹಾಡಿನಲ್ಲಿ ಸಿಗುವುದು ನಗರ, ಟ್ಯಾಕ್ಸಿ, ರಾತ್ರಿ. 1978ರ 'ಹೆನ್ ವ್ಲಾದ್ ವ ನ್ಹಾದೈ' ಆಲ್ಬಮ್‌ಗೆ ವೇಲ್ಸ್‌ನ ರಾಷ್ಟ್ರಗೀತೆಯದೇ ಹೆಸರು. ಅದರಲ್ಲಿ ಟಿಚ್ ಗ್ವಿಲಿಮ್ ಆ ಗೀತೆಯನ್ನೇ ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ಕಿರುಚಿಸಿದ್ದಾರೆ.

'ಯಾರೂ ಕೇಳಲಿಲ್ಲ' ಅನ್ನೋ ಮಾತಿಗೆ ಬರುತ್ತೇನೆ. ಹೊರಗೆ ಕೇಳಲಿಲ್ಲ, ಸರಿ. ಒಳಗೆ ಕೇಳಿದರು. ಸೈನ್ ಬೆಳೆದು ತನ್ನದೇ ಸ್ಟುಡಿಯೋ ಕಟ್ಟಿತು. 1977ರಲ್ಲಿ ಬಿಬಿಸಿಯ ವೆಲ್ಶ್ ರೇಡಿಯೋ ಬಂತು, 1982ರಲ್ಲಿ ವೆಲ್ಶ್ ಟಿವಿ ವಾಹಿನಿ. ಮುಂದಿನ ಹುಡುಗರಿಗೆ ಬೈಯಲೂ ಒಂದು ವ್ಯವಸ್ಥೆ ಸಿಕ್ಕಿತು! ಇದು ತಮಾಷೆಯಲ್ಲ. ಪಂಕ್ ಬ್ಯಾಂಡ್ ಅನ್‌ಹ್ರೆವ್ನ್, ಅದರ ಜೊತೆಗೇ ಬಂದ ದತ್‌ಬ್ಲಗಿ ಬೈದದ್ದು ಇಂಗ್ಲಿಷರನ್ನಲ್ಲ, ಆರಾಮವಾಗಿ ಕೂತ ವೆಲ್ಶ್ ಮಧ್ಯಮ ವರ್ಗವನ್ನೇ. ಅದೂ ವೆಲ್ಶ್‌ನಲ್ಲೇ. ದತ್‌ಬ್ಲಗಿಯ ಡೇವಿಡ್ ಆರ್. ಎಡ್ವರ್ಡ್ಸ್ ನನ್ನ ಲೆಕ್ಕದಲ್ಲಿ ಈ ಇಡೀ ಕಥೆಯ ಅತಿ ಚೂಪಾದ ನಾಲಿಗೆ. ಬಿಬಿಸಿ ರೇಡಿಯೋ ನಿರೂಪಕ ಜಾನ್ ಪೀಲ್ ಇವರನ್ನೆಲ್ಲ ಕರೆದು ನುಡಿಸಿದರು. ಪೀಲ್ ಅವರಿಗೆ ವೆಲ್ಶ್ ಬರುತ್ತಿರಲಿಲ್ಲ.

1990ರ ದಶಕದಲ್ಲಿ ಬ್ರಿಟನ್ ತುಂಬ ಹೆಸರಾದ ವೆಲ್ಶ್ ಬ್ಯಾಂಡುಗಳ ಅಲೆ ಆಕಾಶದಿಂದ ಬಿದ್ದದ್ದಲ್ಲ. ಸೂಪರ್ ಫರ್ರಿ ಆ್ಯನಿಮಲ್ಸ್‌ನ ಗ್ರಿಫ್ ರೀಸ್ ಮೊದಲು ವೆಲ್ಶ್ ಭಾಷೆಯ ಬ್ಯಾಂಡಿನಲ್ಲಿದ್ದವರು. 1998ರಲ್ಲಿ 'ಇಂಟರ್‌ನ್ಯಾಷನಲ್ ವೆಲ್ವೆಟ್' ಆಲ್ಬಮ್‌ನಿಂದ ಬ್ರಿಟನ್ನಿನ ಒಂದನೇ ಸ್ಥಾನಕ್ಕೇರಿದ ಕ್ಯಾಟಟೋನಿಯಾದ ಮಾರ್ಕ್ ರಾಬರ್ಟ್ಸ್ ಕೂಡ ಹಾಗೆಯೇ, ಲಾನ್‌ರೂಸ್ಟ್ ಎಂಬ ಸಣ್ಣ ಊರಿನ ಅ ಕಿರ್ಫ್ ಬ್ಯಾಂಡಿನಿಂದ ಬಂದವರು. ಇಬ್ಬರೂ ಪಳಗಿದ್ದು ನೀವು 'ಹಠ' ಅಂದ ಆ ಸಣ್ಣ ಜಗತ್ತಿನಲ್ಲಿ. 2000ದಲ್ಲಿ ಸೂಪರ್ ಫರ್ರಿಗಳು 'ಮೂಂಗ್' ಎಂಬ ಪೂರ್ತಿ ವೆಲ್ಶ್ ಆಲ್ಬಮ್ ತಂದರು. ಬ್ರಿಟನ್ನಿನ ಪಟ್ಟಿಯಲ್ಲಿ 11ನೇ ಸ್ಥಾನ. ಅದರಲ್ಲಿ ದತ್‌ಬ್ಲಗಿಯ ಒಂದು ಹಾಡೂ ಇದೆ.

ಮ್ಯಾನಿಕ್ ಸ್ಟ್ರೀಟ್ ಪ್ರೀಚರ್ಸ್ ಹೆಸರು ಬಿಟ್ಟರೆ ಪತ್ರಗಳ ಮಳೆ ಬರುತ್ತದೆ. ಅವರು ಬ್ಲ್ಯಾಕ್‌ವುಡ್‌ನವರು, ಗಣಿ ಪ್ರದೇಶ. ಹಾಡುವುದು ಇಂಗ್ಲಿಷ್‌ನಲ್ಲೇ. 1984-85ರ ಗಣಿ ಕಾರ್ಮಿಕರ ಮುಷ್ಕರ ಸೋತದ್ದನ್ನು ನೋಡುತ್ತ ಬೆಳೆದರು. ಅವರನ್ನು ವೆಲ್ಶ್ ಅಲ್ಲ ಅನ್ನುವ ಧೈರ್ಯ ಯಾರಿಗಿದೆ? 1994ರ 'ದ ಹೋಲಿ ಬೈಬಲ್' ಬಹಳ ಕತ್ತಲೆಯ ಆಲ್ಬಮ್. ಅದರ ಬಹುಪಾಲು ಸಾಹಿತ್ಯ ಬರೆದ ರಿಚಿ ಎಡ್ವರ್ಡ್ಸ್ 1995ರ ಫೆಬ್ರವರಿಯಲ್ಲಿ ಕಾಣೆಯಾದರು. ಉಳಿದ ಮೂವರು ಮರುವರ್ಷ ತಂದ 'ಎವ್ರಿಥಿಂಗ್ ಮಸ್ಟ್ ಗೋ' ನನಗೆ ಹೆಚ್ಚು ಹತ್ತಿರ.

ಕೇಳುವಂಥ ಆಲ್ಬಮ್ ಕೇಳಿದ್ದೀರಿ. ಬಡ್ಜಿ ಮನೆಯಲ್ಲೇ ಇದೆ, ಅದಾದ ಮೇಲೆ ಬ್ಯಾಡ್‌ಫಿಂಗರ್‌ನ 'ಸ್ಟ್ರೇಟ್ ಅಪ್'. ಆಮೇಲೆ ವೆಲ್ಶ್‌ಗೆ ಬನ್ನಿ. ಮೊದಲು ಜಾರ್ಮನ್, ಆಮೇಲೆ 'ಸಾಲೆಮ್', ಆಮೇಲೆ 'ಮೂಂಗ್'. ಮಾತು ಅರ್ಥವಾಗದು ಅಂತ ಹಿಂಜರಿಯಬೇಡಿ. ಬಡ್ಜಿಯ ಇಂಗ್ಲಿಷ್ ಎಷ್ಟು ಅರ್ಥವಾಯಿತು ಅಂತ ನೀವು ಬರೆದಿಲ್ಲ! ನಡುವೆ ಉಸಿರು ಬೇಕೆನಿಸಿದರೆ ಕಾರ್ಡಿಫ್‌ನ ಯಂಗ್ ಮಾರ್ಬಲ್ ಜೈಂಟ್ಸ್ 1980ರಲ್ಲಿ ತಂದ 'ಕೊಲಾಸಲ್ ಯೂತ್' ಹಾಕಿ. ಡ್ರಮ್ಮರ್ ಇಲ್ಲ, ಕೂಗಾಟ ಇಲ್ಲ, ಪಿಸುಮಾತಿನ ರಾಕ್. ದತ್‌ಬ್ಲಗಿಯನ್ನು ಮಾತ್ರ ಕೊನೆಗೆ ಇಟ್ಟುಕೊಳ್ಳಿ. 1990ರ 'ಪಿಸ್ಟ್' ಸಾಕು. ಮನೆಗೆ ನೆಂಟರು ಬಂದಾಗ ಹಾಕಬೇಡಿ.

(ಸಂ.)