ಶ್ವಾಸಕೋಶಕ್ಕೂ ಬಿಪಿಗೂ ಎಂತ ಸಂಬಂಧ?

ಪ್ರಶ್ನೆ: ಅಪ್ಪನಿಗೆ ಬಿಪಿಗೆ ರಾಮಿಪ್ರಿಲ್ ಶುರು ಮಾಡಿದ್ಮೇಲೆ ಒಣಕೆಮ್ಮು. ಬಿಪಿ ಏರಿಸುವ ವಸ್ತು ಶ್ವಾಸಕೋಶದಲ್ಲೇ ತಯಾರಾಗ್ತದಂತೆ, ಹೌದಾ?
– ಓದುಗರು, ಬದಿಯಡ್ಕ, ಕಾಸರಗೋಡು

ಉತ್ತರ: ಹೌದು ಮಾರಾಯ್ರೆ. ಮೈಯ ರಕ್ತವೆಲ್ಲ ಶ್ವಾಸಕೋಶದೊಳಗೆ ಹಾದು ಹೋಗ್ಲೇಬೇಕಲ್ಲ, ಅಲ್ಲಿನ ಸಪೂರ ರಕ್ತನಾಳಗಳ ಒಳಪದರದಲ್ಲಿ ಎಸಿಇ ಅಂತ ಒಂದು ಕಿಣ್ವ ಉಂಟು, ಅದು ರಕ್ತದಲ್ಲಿರುವ ಆಂಜಿಯೋಟೆನ್ಸಿನ್-1 ಅಂಬ ವಸ್ತುವನ್ನು ಆಂಜಿಯೋಟೆನ್ಸಿನ್-2 ಮಾಡ್ತದೆ, ಈ ಆಂಜಿಯೋಟೆನ್ಸಿನ್-2 ರಕ್ತನಾಳಗಳನ್ನು ಬಿಗಿ ಮಾಡಿ ಬಿಪಿ ಏರಿಸ್ತದೆ. ನಾಳ ಸಡಿಲಿಸುವ ಬ್ರಾಡಿಕೈನಿನ್ ಅನ್ನು ಒಡೆದು ಹಾಕುವುದೂ ಅದೇ ಕಿಣ್ವ. ರಾಮಿಪ್ರಿಲ್ ಈ ಕಿಣ್ವವನ್ನು ತಡೀತದೆ, ಬಿಪಿ ಇಳೀತದೆ, ಆದ್ರೆ ಬ್ರಾಡಿಕೈನಿನ್ ಹೆಚ್ಚಾಗಿ ಕೆಲವರಿಗೆ ಕೆಮ್ಮು. ನಾಳ ಹಿಗ್ಗಿಸುವ ಪ್ರೋಸ್ಟಾಸೈಕ್ಲಿನ್ ಸಹ ಶ್ವಾಸಕೋಶದಲ್ಲಿ ತಯಾರಾಗ್ತದೆ. ಈ ಕೆಮ್ಮು ಕಷಾಯಕ್ಕೆಲ್ಲ ಬಗ್ಗುವುದಲ್ಲ, ಹಾಗಂತ ಮಾತ್ರೆ ನೀವಾಗಿ ನಿಲ್ಲಿಸ್ಬೇಡಿ, ಡಾಕ್ಟ್ರಿಗೆ ಹೇಳಿ, ಬೇಕಾದ್ರೆ ಟೆಲ್ಮಿಸಾರ್ಟನ್ ತರದ ಬೇರೆ ಬಿಪಿ ಮಾತ್ರೆಗೆ ಬದಲಿಸ್ತಾರೆ.