ಹನ್ನೊಂದು ಪಾಲು ಆರಕ್ಕಿಳಿದ ಲೆಕ್ಕ

ನೀವು ಕೇಳಿರುವುದು ಇಷ್ಟು: ಒಂದು ಕಾಲಕ್ಕೆ ಜಾತ್ರೆ, ಗಣೇಶೋತ್ಸವ, ಮದುವೆ ಎಲ್ಲದಕ್ಕೂ ರಸಮಂಜರಿ ನಡೆಸಿಕೊಡುತ್ತಿದ್ದ ನಮ್ಮ ಕಡೆಯ ಸಣ್ಣ ಆರ್ಕೆಸ್ಟ್ರಾಗಳು ಈಗ ಏಕೆ ಕಾಣುವುದಿಲ್ಲ, ಅವುಗಳನ್ನು ಮುಗಿಸಿದ್ದು ಡಿಜೆಯೇ? ನಾನು ಕಲಬುರಗಿಯಲ್ಲಿ 1989ರಿಂದ 2007ರವರೆಗೆ ಅಂಥ ಒಂದು ಆರ್ಕೆಸ್ಟ್ರಾದಲ್ಲಿ ಮೊದಲು ಹಾರ್ಮೋನಿಯಂ, ಆಮೇಲೆ ಕೀಬೋರ್ಡ್ ನುಡಿಸಿದವನು. ಅದರ ಲೆಕ್ಕದ ಪುಸ್ತಕವೂ ನನ್ನ ಬಳಿಯೇ ಇತ್ತು, ಇಂದಿಗೂ ಇದೆ. ಆದ್ದರಿಂದ ಊಹೆಯ ಮೇಲೆ ಬರೆಯದೆ ಆ ಪುಸ್ತಕವನ್ನು ಮುಂದಿಟ್ಟುಕೊಂಡೇ ಉತ್ತರಿಸುತ್ತಿದ್ದೇನೆ. ಡಿಜೆ ನಮ್ಮನ್ನು ಮುಗಿಸಲಿಲ್ಲ. ಅದು ನಮ್ಮ ಊರಿಗೆ ಕಾಲಿಡುವ ಹೊತ್ತಿಗೆ ನಾವು ಮುಕ್ಕಾಲು ಪಾಲು ಮುಗಿದೇ ಹೋಗಿದ್ದೆವು, ಮತ್ತು ಆ ಕೆಲಸವನ್ನು ಮಾಡಿಕೊಂಡವರು ನಾವೇ. ಆರ್ಕೆಸ್ಟ್ರಾದ ಹೆಸರನ್ನು ಬರೆಯುವುದಿಲ್ಲ, ಏಕೆಂದರೆ ನಾನು ಮುಂದೆ ಹೇಳುವ ಮಾತುಗಳನ್ನು ಜೊತೆಗಾರರೆಲ್ಲರೂ ಒಪ್ಪಲಿಕ್ಕಿಲ್ಲ.

ಆರಂಭ ಬಹಳ ಸಾಧಾರಣವಾದದ್ದು. ಬ್ರಹ್ಮಪುರದ ಒಂದು ಭಜನಾ ಮಂಡಳಿಯಲ್ಲಿ ಸೋಮವಾರ ರಾತ್ರಿ ವಚನ, ತತ್ವಪದಗಳನ್ನು ಹಾಡುತ್ತಿದ್ದ ನಾವು ಏಳು ಜನ, 1989ರ ಗಣೇಶ ಚೌತಿಯಲ್ಲಿ ಓಣಿಯ ಹುಡುಗರ ಒತ್ತಾಯಕ್ಕೆ ನಾಲ್ಕು ಸಿನಿಮಾ ಹಾಡುಗಳನ್ನು ಸೇರಿಸಿಕೊಂಡೆವು. ಆ ನಾಲ್ಕು ಹಾಡುಗಳಿಗೆ ಬಂದ ಜನರನ್ನು ನೋಡಿ ಪಕ್ಕದ ಓಣಿಯವರು ಮರುದಿನಕ್ಕೆ ಕರೆದರು, ಅವರನ್ನು ನೋಡಿ ಶಹಾಬಜಾರದವರು ಕರೆದರು. ಆ ಕಾಲದಲ್ಲಿ ಜನರಿಗೆ ಹಾಡು ಕೇಳಲು ಇದ್ದ ದಾರಿಗಳನ್ನು ನೆನಪಿಸಿಕೊಂಡರೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಗುಲಬರ್ಗಾ ಆಕಾಶವಾಣಿ 1966ರಿಂದ ಇತ್ತು, ಕ್ಯಾಸೆಟ್ಟುಗಳಿದ್ದವು, ಚಿತ್ರಮಂದಿರಗಳಿದ್ದವು. ಉದಯ ಟಿವಿ ಬಂದದ್ದು 1994ರಲ್ಲಿ. ತನ್ನ ಊರಿನ ಅಗಸೆಯ ಮುಂದೆ ಕುಳಿತು, ಚೀಟಿಯಲ್ಲಿ ತನ್ನ ಹೆಸರು ಬರೆದು ಕಳಿಸಿ, ತನಗೆ ಬೇಕಾದ ಹಾಡನ್ನು ಕೇಳುವ ಸುಖ ಇವುಗಳಲ್ಲಿ ಯಾವುದರಲ್ಲಿಯೂ ಸಿಗುತ್ತಿರಲಿಲ್ಲ.

ಈ ಭಾಗದಲ್ಲಿ ಆರ್ಕೆಸ್ಟ್ರಾ ನಡೆಸುವವನಿಗೆ ಒಂದೇ ಭಾಷೆ ಸಾಲುವುದಿಲ್ಲ. ಸೇಡಂ, ಗುರುಮಿಟ್ಕಲ್ ಕಡೆ ಹೋದರೆ ಹತ್ತು ಹಾಡಿನಲ್ಲಿ ಮೂರಾದರೂ ತೆಲುಗಿನವು ಇರಬೇಕು. ಆಳಂದದ ಕಡೆ ಮರಾಠಿ ಬೇಕು. ಸೂಫಿ ಸಂತ ಬಂದೇ ನವಾಜರ ಉರುಸಿನ ದಿನಗಳಲ್ಲಿ ನಗರದ ಮದುವೆಗಳಲ್ಲಿಯೂ ಕವ್ವಾಲಿ ಕೇಳುತ್ತಾರೆ. ಏಪ್ರಿಲ್ 14ರ ಅಂಬೇಡ್ಕರ್ ಜಯಂತಿಗೆ ಕನ್ನಡ, ಹಿಂದಿ, ಮರಾಠಿ ಮೂರರಲ್ಲಿಯೂ ಭೀಮಗೀತೆಗಳು ಸಿದ್ಧವಿರಬೇಕು. ಇದಕ್ಕೆಲ್ಲ ನಮಗೆ ನೆರವಾದದ್ದು ಜೊತೆಗಾರರ ಮನೆಗಳು. ಕಾಂಗೋ ನುಡಿಸುವವನು ಮೋಮಿನಪುರದವನು, ಉರುಸಿನ ಮತ್ತು ವಲೀಮಾದ, ಅಂದರೆ ಮುಸ್ಲಿಮರ ಮದುವೆಯೂಟದ, ಕರೆಗಳು ಅವನಿಂದ ಬರುತ್ತಿದ್ದವು. ಢೋಲಕಿಯವನ ಹೆಂಡತಿಯ ತವರು ಆಳಂದದ ಕಡೆ, ಅಲ್ಲಿನ ಜಾತ್ರೆಗಳು ಅವನ ಕಡೆಯಿಂದ. ತಬಲಾ ಮಾಸ್ತರರು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತು ಬಂದ ಅಂಧರು, ಅವರನ್ನು ಅರಿಯದ ಮಠ ನಮ್ಮ ಜಿಲ್ಲೆಯಲ್ಲಿ ಇರಲಿಲ್ಲವೆಂದರೂ ನಡೆಯುತ್ತದೆ. ಇದು ಎಷ್ಟು ದೊಡ್ಡ ಆಸ್ತಿ ಎಂಬುದು ಆಗ ನನಗೆ ತಿಳಿದಿರಲಿಲ್ಲ.

1995ರ ಹೊತ್ತಿಗೆ ನಾವು ವೇದಿಕೆಯ ಮೇಲೆ 11 ಜನ. ಹಾರ್ಮೋನಿಯಂ, ಅಕಾರ್ಡಿಯನ್, ತಬಲಾ, ಢೋಲಕಿ, ಕಾಂಗೋ, ಡ್ರಮ್ ಸೆಟ್, ಬಾಸ್ ಗಿಟಾರ್. ಒಬ್ಬ ಗಾಯಕ, ಹೆಣ್ಣು ದನಿಯಲ್ಲಿ ಹಾಡಿ ನಗಿಸುವ ಒಬ್ಬ ಹುಡುಗ, ನಿರೂಪಣೆ ಮತ್ತು ಮಿಮಿಕ್ರಿಗೆ ಒಬ್ಬ, ಸೊಲ್ಲಾಪುರದಿಂದ ರೈಲಿನಲ್ಲಿ ಬರುತ್ತಿದ್ದ ಗಾಯಕಿ. ಆ ವರ್ಷ ಒಂದು ಕಾರ್ಯಕ್ರಮಕ್ಕೆ 8,000 ರೂಪಾಯಿ ಎಂದು ಬರೆದಿದ್ದೇನೆ. ಟೆಂಪೊ ಬಾಡಿಗೆ 1,000, ಸೌಂಡಿನವರಿಗೆ 1,600, ಗಾಯಕಿಗೆ ಗೊತ್ತುಪಡಿಸಿದ 1,000. ಉಳಿದ 4,400ನ್ನು 11 ಪಾಲು ಮಾಡುತ್ತಿದ್ದೆವು: ಹತ್ತು ಜನಕ್ಕೆ ಹತ್ತು, ವಾದ್ಯಗಳ ರಿಪೇರಿಗೆಂದು ತೆಗೆದಿಡುವ ‘ಪೆಟ್ಟಿಗೆ ಪಾಲು’ ಒಂದು. ಒಬ್ಬೊಬ್ಬರಿಗೆ 400 ರೂಪಾಯಿ. ಬಯಾನಾ, ಅಂದರೆ ಮುಂಗಡ, ಕೊಡುವಾಗ ಕಮಿಟಿಯವರು ಧಾರಾಳವಾಗಿಯೇ ಕೊಡುತ್ತಿದ್ದರು, ಬಾಕಿ ಮಾತ್ರ ತೊಗರಿಯನ್ನು ನಂಬಿಕೊಂಡಿರುತ್ತಿತ್ತು. ಗಣೇಶನಿಗೆ ಹಾಡಿದ ಹಾಡಿನ ಹಣ, ರಾಶಿಯಾಗಿ ತೊಗರಿ ಗಂಜ್ ಮಾರುಕಟ್ಟೆಗೆ ಬಂದ ಮೇಲೆ, ಅಂದರೆ ಜನವರಿಗೆ ಕೈಗೆ ಸಿಗುತ್ತಿತ್ತು. ಮಳೆ ಕೈಕೊಟ್ಟ ವರ್ಷ ಸಿಗುತ್ತಲೂ ಇರಲಿಲ್ಲ. ಆದರೂ ಹನ್ನೊಂದು ಜನ ಒಂದೇ ಟೆಂಪೊದಲ್ಲಿ ವಾದ್ಯಗಳ ಮೇಲೆ ಕಾಲು ಚಾಚಿಕೊಂಡು ಹೋಗಿ, ನಸುಕಿನಲ್ಲಿ ದಾರಿಯ ಯಾವುದೋ ಹೋಟೆಲಿನಲ್ಲಿ ಸುಸಲಾ, ಮಿರ್ಚಿ ತಿಂದು ಮನೆ ಸೇರಿದ ಆ ವರ್ಷಗಳೇ ನಮ್ಮ ಒಳ್ಳೆಯ ವರ್ಷಗಳು.

1998ರಲ್ಲಿ ನಾನು ಹೈದರಾಬಾದಿಗೆ ಹೋಗಿ ಒಂದು ಕೀಬೋರ್ಡನ್ನು ಮತ್ತು ಒಂದು ಆಕ್ಟೋಪ್ಯಾಡನ್ನು ತಂದೆ. ಆಕ್ಟೋಪ್ಯಾಡ್ ಎಂದರೆ ಎಂಟು ರಬ್ಬರಿನ ಚೌಕಗಳಿರುವ ಹಲಗೆ. ಒಂದೊಂದು ಚೌಕಕ್ಕೆ ಒಂದೊಂದು ಸದ್ದನ್ನು ಜೋಡಿಸಿಕೊಂಡು ಕೋಲಿನಿಂದ ಬಾರಿಸಿದರೆ ತಬಲಾ, ಢೋಲಕಿ, ಕಾಂಗೋ, ಏನು ಬೇಕಾದರೂ ಒಬ್ಬನ ಕೈಯಲ್ಲೇ ಬರುತ್ತದೆ. ರೋಲಾಂಡ್ ಕಂಪನಿ ಅದನ್ನು 1985ರಲ್ಲೇ ಹೊರತಂದಿದ್ದರೂ ನಮ್ಮಂಥವರ ಕೈಗೆಟುಕಲು ಇಷ್ಟು ವರ್ಷ ಬೇಕಾಯಿತು. ಕೀಬೋರ್ಡಿನಲ್ಲಿ ‘ಸ್ಟೈಲ್’ ಎಂಬುದೊಂದಿತ್ತು: ಎಡಗೈಯಲ್ಲಿ ಮೂರು ಸ್ವರಗಳನ್ನು ಒತ್ತಿ ಹಿಡಿದರೆ ತಾಳ, ಬಾಸ್ ಗಿಟಾರ್, ಹಿನ್ನೆಲೆಯ ಪಿಟೀಲುಗಳ ಗುಂಪು ಎಲ್ಲವೂ ತಾವಾಗಿಯೇ ನುಡಿಯುತ್ತವೆ. ಎರಡಕ್ಕೂ ಸೇರಿ 84,000 ರೂಪಾಯಿ. ಪೆಟ್ಟಿಗೆ ಪಾಲಿನಲ್ಲಿದ್ದ 24,000 ಹಾಕಿ, ಉಳಿದ 60,000ಕ್ಕೆ ನನ್ನ ಹೆಸರಿನಲ್ಲಿ ಸಹಕಾರಿ ಬ್ಯಾಂಕೊಂದರಲ್ಲಿ ಸಾಲ ಎತ್ತಿದೆ.

ಡ್ರಮ್ ನುಡಿಸುತ್ತಿದ್ದವನು ಎರಡು ತಿಂಗಳಲ್ಲಿ ಆಕ್ಟೋಪ್ಯಾಡಿಗೆ ಕೈ ಹೊಂದಿಸಿಕೊಂಡ. ಆಮೇಲೆ ಅಕಾರ್ಡಿಯನ್, ಬಾಸ್ ಗಿಟಾರ್, ಢೋಲಕಿ, ಕಾಂಗೋ, ತಬಲಾ ಐವರೂ ಒಬ್ಬೊಬ್ಬರಾಗಿ ಹೊರಗುಳಿದರು. ನಾವು ಯಾರನ್ನೂ ‘ಬೇಡ’ ಎಂದು ಬಾಯಿ ಬಿಟ್ಟು ಹೇಳಲಿಲ್ಲ, ಅದೇ ನಮ್ಮ ಸಣ್ಣತನ. ಟೆಂಪೊ ಒಬ್ಬೊಬ್ಬರ ಮನೆಯ ಮುಂದೆ ನಿಂತು ಕರೆದುಕೊಂಡು ಹೋಗುವುದು ರೂಢಿ. ಯಾರು ಬೇಡವೋ ಅವರ ಓಣಿಗೆ ಟೆಂಪೊ ಹೋಗುತ್ತಿರಲಿಲ್ಲ. ತಬಲಾ ಮಾಸ್ತರರು ಆ ಸಂಜೆ ಗವಸು ಹಾಕಿದ ತಬಲಾ, ಡಗ್ಗಾಗಳನ್ನು ಪಕ್ಕಕ್ಕಿಟ್ಟುಕೊಂಡು ಮನೆಯ ಕಟ್ಟೆಯ ಮೇಲೆ ರಾತ್ರಿ ಒಂಬತ್ತರ ತನಕ ಕುಳಿತಿದ್ದರೆಂದು ಅವರ ಮಗ ನನಗೆ ಬಹಳ ದಿನಗಳ ಮೇಲೆ ಹೇಳಿದ.

ಈಗ ಲೆಕ್ಕಕ್ಕೆ ಬರುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯ ಉತ್ತರ ಇಲ್ಲಿಯೇ ಇದೆ. 1998ರ ಕೊನೆಗೆ ನಮ್ಮ ದರ 12,000. ಖರ್ಚು 4,800 ಕಳೆದರೆ 7,200. ಹಳೆಯ ಲೆಕ್ಕದಂತೆ 11 ಪಾಲು ಮಾಡಿದ್ದರೆ ಒಬ್ಬೊಬ್ಬರಿಗೆ 650ರ ಆಸುಪಾಸು ಬರುತ್ತಿತ್ತು. ಈಗ ವೇದಿಕೆಯ ಮೇಲೆ ಗಾಯಕಿ ಸೇರಿ ಆರೇ ಜನ, ಪಾಲೂ ಪೆಟ್ಟಿಗೆಯದು ಸೇರಿ ಆರೇ. ತಲೆಗೆ 1,200 ಬಂತು. ಸದ್ದು ಮೊದಲಿಗಿಂತ ದೊಡ್ಡದಾಗಿತ್ತು, ಜನ ಬೆರಗಾಗಿದ್ದರು, ಟೆಂಪೊದಲ್ಲಿ ಕಾಲು ಚಾಚಲು ಜಾಗವಿತ್ತು. ಎರಡು ವರ್ಷ ನಾವು ಜಾಣರೆಂದೇ ತಿಳಿದುಕೊಂಡಿದ್ದೆವು.

2001ರಲ್ಲಿ ಚಿತ್ತಾಪುರ ತಾಲೂಕಿನ ಒಂದು ಊರಿನ ಜಾತ್ರೆಗೆ ಮಾತುಕತೆ ನಡೆದಾಗ ಕಮಿಟಿಯ ಹಿರಿಯರೊಬ್ಬರು ನನ್ನನ್ನು ಕೇಳಿದರು: “ಮಾಸ್ತರ, ಮೊದಲ ಹನ್ನೊಂದು ಮಂದಿ ಬರ್ತಿದ್ರಿ, ಈಗ ಆರು ಮಂದಿ ಬರ್ತೀರಿ. ಹನ್ನೊಂದು ಮಂದೀದು ರೊಕ್ಕ ಯಾಕ್ ಕೊಡಬೇಕ್ರಿ?” ನಾನು ಯಂತ್ರದ ಬೆಲೆ ಹೇಳಿದೆ, ಸಾಲ ಹೇಳಿದೆ, ಸದ್ದಿನ ಗುಣಮಟ್ಟ ಹೇಳಿದೆ. ಅವರು ಶಾಂತವಾಗಿಯೇ, “ಮಷೀನ್ ಉಣ್ಣಂಗಿಲ್ಲಲ್ರಿ” ಎಂದರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಅಷ್ಟು ವರ್ಷಗಳಿಂದ ಊರವರು ನಮಗೆ ಕೊಡುತ್ತಿದ್ದುದು ಹಾಡಿನ ಬೆಲೆಯಲ್ಲ, ವೇದಿಕೆಯ ಮೇಲೆ ಕಾಣುವ ತಲೆಗಳ ಬೆಲೆ. ಇಷ್ಟು ಜನ ಬಂದಿದ್ದಾರೆ, ಇಷ್ಟು ಜನಕ್ಕೆ ಊಟ ಹಾಕಬೇಕು, ಇಷ್ಟು ಜನರ ಸಂಸಾರ ನಡೆಯಬೇಕು ಎಂಬ ಎಣಿಕೆ ಅದು. ತಲೆ ಕಡಿಮೆ ಮಾಡಿದವರು ನಾವು, ದರ ಕಡಿಮೆ ಮಾಡಿದವರು ಅವರು. ಆ ಕಾರ್ಯಕ್ರಮ 8,000ಕ್ಕೆ ಕುದುರಿತು. ಡೀಸೆಲ್ ದರ ಏರಿ ಖರ್ಚು 5,500 ಆಗಿತ್ತು. ಉಳಿದ 2,500 ರೂಪಾಯಿಯ ಆರು ಪಾಲು ಮಾಡಿದರೆ ಒಂದಕ್ಕೆ 400 ಚಿಲ್ಲರೆ. ಆರು ವರ್ಷದ ಹಿಂದಿನ ಪಾಲು, ಈಗಿನ ಕಾಲದ ತುಟ್ಟಿ, ಮೇಲೆ ಬ್ಯಾಂಕಿನ ಕಂತು.

ಕರೆಗಳೂ ಕಡಿಮೆಯಾದವು, ಮತ್ತು ಯಾವ ಕಡೆಯವು ಕಡಿಮೆಯಾದವು ಎಂಬುದನ್ನು ಪುಸ್ತಕ ತೋರಿಸುತ್ತದೆ: ಮೊದಲು ವಲೀಮಾದವು, ಆಮೇಲೆ ಆಳಂದದವು, ಆಮೇಲೆ ಮಠಗಳವು. ಒಬ್ಬೊಬ್ಬ ವಾದಕನೊಂದಿಗೆ ಒಂದೊಂದು ಬಾಗಿಲು ಮುಚ್ಚಿತ್ತು. ಇನ್ನೊಂದು ನಷ್ಟ ಕಿವಿಗೆ ಸಂಬಂಧಿಸಿದ್ದು. ನಮ್ಮ ಕೀಬೋರ್ಡಿನಲ್ಲಿದ್ದ ಸ್ಟೈಲುಗಳು ಬಹುಪಾಲು ನಾಲ್ಕು ಅಥವಾ ಮೂರರ ಎಣಿಕೆಯವು. ಏಳು ಮಾತ್ರೆಯ ಹಾಡಿಗೆ ಅದರಲ್ಲಿ ತಾಳವೇ ಇರಲಿಲ್ಲ. ಭಾರತದ ತಾಳಗಳಿರುವ ಮಾದರಿಗಳು ಬಂದದ್ದು ಆಮೇಲೆ. ಹೀಗಾಗಿ ಏಳರ ಹಾಡುಗಳನ್ನೆಲ್ಲ ಬಿಟ್ಟೆವು, ಗಾಯಕ ಉಸಿರು ಎಳೆದು ನಿಲ್ಲಿಸಿ ಹಾಡುವ ತತ್ವಪದಗಳನ್ನೂ ಬಿಟ್ಟೆವು, ಏಕೆಂದರೆ ತಬಲಾದವರು ಅವನ ಉಸಿರನ್ನು ಕಾಯುತ್ತಿದ್ದರು, ಸ್ಟೈಲ್ ಯಾರಿಗೂ ಕಾಯುವುದಿಲ್ಲ. ಎರಡೇ ವರ್ಷದಲ್ಲಿ ನಮ್ಮ ಹಾಡಿನ ಪಟ್ಟಿ ಸೊಲ್ಲಾಪುರದ, ರಾಯಚೂರಿನ, ಬೀದರಿನ ಯಾವ ಆರ್ಕೆಸ್ಟ್ರಾದ ಪಟ್ಟಿಗಾದರೂ ಅಂಟಿಸಬಹುದಾದಂಥದ್ದಾಗಿತ್ತು.

ಇಷ್ಟಾದ ಮೇಲೆ ಉಳಿದದ್ದು ಬೇಗ ನಡೆಯಿತು. ಹಾಡುಗಾರನ ದನಿಯನ್ನು ಬಿಟ್ಟು ವಾದ್ಯವನ್ನಷ್ಟೇ ಮುದ್ರಿಸಿದ ‘ಮೈನಸ್ ಒನ್’ ಟ್ರ್ಯಾಕುಗಳು ಮೊದಲು ಸಿಡಿಯಲ್ಲಿ, ಆಮೇಲೆ ಪೆನ್‌ಡ್ರೈವಿನಲ್ಲಿ ಸಿಗತೊಡಗಿದವು. ಒಬ್ಬ ಗಾಯಕ, ಒಬ್ಬ ಗಾಯಕಿ, ಒಂದು ಪ್ಲೇಯರ್ ಇಷ್ಟೇ ಬಂದು 3,000ಕ್ಕೆ ಕಾರ್ಯಕ್ರಮ ಕೊಡಲು ಶುರು ಮಾಡಿದಾಗ, ಹನ್ನೊಂದರ ಬದಲು ಆರು ಸಾಕೆಂದು ಜನರಿಗೆ ಒಪ್ಪಿಸಿದ್ದ ನಾವು ಆರರ ಬದಲು ಎರಡು ಸಾಲದೆಂದು ಯಾವ ಬಾಯಿಂದ ವಾದಿಸುವುದು? ಅವರಲ್ಲಿ ಒಬ್ಬ ನಮ್ಮ ಗಾಯಕನೇ. ಅವನನ್ನು ನಾನು ದೂರುವುದಿಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಕೂಡದೆಂಬ ನಿಯಮ 2000ದಲ್ಲಿ ಬಂದು, 2005ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದ ಮೇಲೆ ನಗರದೊಳಗೆ ಬೆಳಗಿನ ತನಕ ಹಾಡುವುದು ನಿಂತದ್ದು ನಿಜ. ಹಳ್ಳಿಗಳಲ್ಲಿ ಅದು ನಮಗೆ ಅಷ್ಟೇನೂ ತಟ್ಟಲಿಲ್ಲ. ಡಿಜೆ ಕಿತ್ತುಕೊಂಡದ್ದು ಮೆರವಣಿಗೆಯನ್ನು: ಬ್ಯಾಂಡಿನವರ, ಹಲಗೆಯವರ ಅನ್ನವನ್ನು. ಕುಳಿತು ಕೇಳುವ ವೇದಿಕೆ ಅದರದ್ದಲ್ಲ.

ಕೊನೆಯ ಕಾರ್ಯಕ್ರಮ 2007ರ ಬೇಸಿಗೆಯಲ್ಲಿ ಒಂದು ಮದುವೆ. ವೇದಿಕೆಯ ಮೇಲೆ ನಾಲ್ಕು ಜನ, ಬಾಕಿ 1,500 ಇಂದಿಗೂ ಬಂದಿಲ್ಲ. ಸಾಲ 2009ರಲ್ಲಿ ತೀರಿತು. ಆಕ್ಟೋಪ್ಯಾಡನ್ನು ಯಾದಗಿರಿಯ ಹುಡುಗನೊಬ್ಬ ಕೊಂಡ. ಕೀಬೋರ್ಡಿನ ಅರ್ಧ ಮನೆಗಳು ಈಗ ಸದ್ದು ಮಾಡುವುದಿಲ್ಲ.

ಈಗ ಹೊಸದಾಗಿ ಗುಂಪು ಕಟ್ಟಿದರೆ ನಡೆಯುತ್ತದೆಯೇ ಎಂದೂ ನೀವು ಕೊನೆಗೆ ಕೇಳಿದ್ದೀರಿ. ಸಿನಿಮಾ ಹಾಡಿಗೆ ನಡೆಯುವುದು ಕಷ್ಟ. ಆದರೆ ನಮ್ಮ ಕಡೆ ಕೈಯಿಂದ ನುಡಿಸುವವರಿಗೆ ಇಂದಿಗೂ ತಪ್ಪದೆ ಕೆಲಸ ಕೊಡುವುದು ಶ್ರಾವಣ. ಹಳ್ಳಿಹಳ್ಳಿಯ ಗುಡಿಗಳಲ್ಲಿ ತಿಂಗಳಿಡೀ ಪುರಾಣ, ಪ್ರವಚನ ನಡೆಯುತ್ತವೆ. ಸ್ವಾಮಿಗಳ ಮಾತಿನ ನಡುವೆ ಗವಾಯಿಗಳು ಹಾಡಬೇಕು, ಅವರಿಗೆ ಹಾರ್ಮೋನಿಯಂ ಬೇಕು, ತಬಲಾದ ಸಾಥ್ ಬೇಕು, ಮತ್ತು ಮಾತು ಎಲ್ಲಿ ನಿಂತು ಹಾಡು ಎಲ್ಲಿ ಏಳುತ್ತದೆಂಬುದು ಯಾರಿಗೂ ಮೊದಲೇ ಗೊತ್ತಿರುವುದಿಲ್ಲವಾದ್ದರಿಂದ ಅಲ್ಲಿ ಟ್ರ್ಯಾಕು ಹಾಕಲು ಬರುವುದಿಲ್ಲ. ನಮ್ಮ ತಬಲಾ ಮಾಸ್ತರರಿಗೆ ಒಂದು ಶ್ರಾವಣವೂ ಖಾಲಿ ಹೋಗಿಲ್ಲ. 2011ರಲ್ಲಿ ಅವರೇ ನನಗೆ ಫೋನ್ ಮಾಡಿ, ಜೇವರ್ಗಿ ಕಡೆಯ ಒಂದು ಊರಿನಲ್ಲಿ ಪುರಾಣವಿದೆ, ಹಾರ್ಮೋನಿಯಂ ನುಡಿಸುವವನಿಗೆ ಮೈ ಹುಷಾರಿಲ್ಲ, ಬರುತ್ತೀಯಾ ಎಂದು ಕೇಳಿದರು. ಹೋದೆ. ಹದಿಮೂರು ವರ್ಷಗಳ ಮೇಲೆ ಎದುರು ಬದುರು ಕುಳಿತಾಗ ಟೆಂಪೊದ ಮಾತು ಅವರು ತೆಗೆಯಲಿಲ್ಲ, ನನಗೂ ತೆಗೆಯಲು ಬಾಯಿ ಬರಲಿಲ್ಲ. ಸುತ್ತಿಗೆಯಿಂದ ತಬಲಾದ ಗಟ್ಟಿಗಳನ್ನು ತಟ್ಟುತ್ತ, “ಕಪ್ಪು ಎರಡು ಹಿಡಿ” ಎಂದರು, ಹಾರ್ಮೋನಿಯಂನ ಎರಡನೆಯ ಕಪ್ಪು ಮನೆಯ ಸ್ವರ ಹಿಡಿದೆ.