ಸೈನಿಕ ಸೇವೆಯ ಕೊನೆಯ ವರ್ಷ: ಅರ್ಜಿ, ಮೀಸಲಾತಿ, ದಾಖಲೆ

ಪ್ರಶ್ನೆ: ಭೂಸೇನೆಯ ಇ.ಎಂ.ಇ.ಯಲ್ಲಿ (ವಾಹನ, ಯಂತ್ರಗಳ ದುರಸ್ತಿ ನೋಡಿಕೊಳ್ಳುವ ವಿಭಾಗ) ಹವಾಲ್ದಾರ್, ವಾಹನ ಮೆಕ್ಯಾನಿಕ್ ಆಗಿದ್ದೇನೆ. ವಯಸ್ಸು 43, 24 ವರ್ಷದ ಸೇವೆ ಮುಗಿಯಲು ಹತ್ತು ತಿಂಗಳಿದೆ. ಓದಿದ್ದು ಎಸ್ಸೆಸ್ಸೆಲ್ಸಿ. ಊರಿಗೆ ಬಂದ ಮೇಲೆ ಬ್ಯಾಂಕ್ ಕ್ಲರ್ಕ್ ಪರೀಕ್ಷೆ ಬರೆಯೋಣವೆಂದರೆ ವಯಸ್ಸು ಮೀರಿದೆ, ಡಿಗ್ರಿ ಇಲ್ಲ ಎನ್ನುತ್ತಾರೆ. ನಿಜವೇ?
– ಓದುಗರು, ಹಾಸನ ಜಿಲ್ಲೆ

ಉತ್ತರ: ಎರಡೂ ನಿಮಗೆ ಅಡ್ಡಿಯಲ್ಲ. ಆದರೆ ಊರಿಗೆ ಬರುವವರೆಗೆ ಕಾಯಬೇಡಿ. ಸೇವಾವಧಿ ಮುಗಿಯಲು ಒಂದು ವರ್ಷದೊಳಗಿದ್ದರೆ ಸಮವಸ್ತ್ರದಲ್ಲಿರುವಾಗಲೇ ಮಾಜಿ ಸೈನಿಕರ ಕೋಟಾದಲ್ಲಿ ಅರ್ಜಿ ಹಾಕಬಹುದು. ಬಿಡುಗಡೆಯ ದಿನಾಂಕ ನಮೂದಿಸಿದ ಪ್ರಮಾಣಪತ್ರವನ್ನು ಯೂನಿಟ್‌ನಿಂದ ಪಡೆದಿಟ್ಟುಕೊಳ್ಳಿ.

ಕ್ಲರ್ಕ್ ಹುದ್ದೆಯ ಗರಿಷ್ಠ ವಯಸ್ಸು 28. ಮಾಜಿ ಸೈನಿಕರಿಗೆ ಅದರ ಮೇಲೆ ಸೇವೆಯ ವರ್ಷಗಳನ್ನೂ ಇನ್ನು 3 ವರ್ಷವನ್ನೂ ಕೂಡಿಸುತ್ತಾರೆ. ಒಟ್ಟು 50 ದಾಟುವಂತಿಲ್ಲ, ಅಷ್ಟೆ. ಡಿಗ್ರಿಯ ಬದಲಿಗೆ ಎಸ್ಸೆಸ್ಸೆಲ್ಸಿ, 15 ವರ್ಷದ ಸೇವೆ ಮತ್ತು ಸೇನೆಯೇ ಕೊಡುವ ವಿದ್ಯಾರ್ಹತೆಯ ಪತ್ರವಾದ ಆರ್ಮಿ ಸ್ಪೆಷಲ್ ಸರ್ಟಿಫಿಕೇಟ್ ಆಫ್ ಎಜುಕೇಷನ್ ಸಾಕು. ಬಹಳ ಮಂದಿ ಎಡವುವುದು ಇಲ್ಲೇ: ಸೇವೆಯಿದೆ, ಸರ್ಟಿಫಿಕೇಟ್ ಕೈಯಲ್ಲಿಲ್ಲ. ನಿಮ್ಮ ಸೇವಾ ದಾಖಲೆಗಳಿರುವ ಸಿಕಂದರಾಬಾದಿನ ಇ.ಎಂ.ಇ. ರೆಕಾರ್ಡ್ಸ್ ಕಚೇರಿಗೆ ಯೂನಿಟ್ ಮೂಲಕ ಈ ವಾರವೇ ಬರೆಯಿರಿ. ಕಂಪ್ಯೂಟರ್ ಕಲಿತ ಪ್ರಮಾಣಪತ್ರವನ್ನೂ ಕೇಳುತ್ತಾರೆ.

ಪೂರ್ವಭಾವಿ ಪರೀಕ್ಷೆ 100 ಅಂಕದ್ದು, ಒಂದು ಗಂಟೆ: ಇಂಗ್ಲಿಷ್ 30, ಗಣಿತ 35, ರೀಸನಿಂಗ್ 35, ಪ್ರತಿಯೊಂದಕ್ಕೂ 20 ನಿಮಿಷ. ತಪ್ಪು ಉತ್ತರಕ್ಕೆ ಕಾಲು ಅಂಕ ಹೋಗುತ್ತದೆ. ಇಪ್ಪತ್ತು ವರ್ಷ ಲೆಕ್ಕ ಬಿಟ್ಟವರಿಗೆ ಕೈಕೊಡುವುದು ವೇಗ. ಪಠ್ಯ ಓದುವುದಕ್ಕಿಂತ ಗಡಿಯಾರ ಇಟ್ಟುಕೊಂಡು ದಿನಕ್ಕೊಂದು ಮಾದರಿ ಪತ್ರಿಕೆ ಬಿಡಿಸಿ. ಮಾಜಿ ಸೈನಿಕರಿಗೆ ಕಟ್‌ಆಫ್ ಪ್ರತ್ಯೇಕ ಎಂಬುದು ಧೈರ್ಯ ತರುವ ಸಂಗತಿ. ಸರ್ಕಾರಿ ಬ್ಯಾಂಕುಗಳ ಕ್ಲರ್ಕ್ ಹುದ್ದೆಗಳಲ್ಲಿ 14.5% ಮೀಸಲಿದೆ, ಹುತಾತ್ಮರ ಅವಲಂಬಿತರು ಮತ್ತು ಅಂಗವಿಕಲ ಮಾಜಿ ಸೈನಿಕರ ಪಾಲೂ ಅದರಲ್ಲೇ ಸೇರಿದೆ.

ಖಾಸಗಿ ಕೆಲಸವನ್ನೂ ನೋಡುವಿರಾದರೆ ಬಯೋಡೇಟಾದಲ್ಲಿ ‘ಹವಾಲ್ದಾರ್, ಎಲ್.ಎ.ಡಿ.’ (ಯೂನಿಟ್ ಜೊತೆಗಿರುವ ಚಿಕ್ಕ ದುರಸ್ತಿ ತಂಡ) ಎಂದಷ್ಟೇ ಬರೆಯಬೇಡಿ. ಲಾರಿ ಕಂಪನಿಯವರಿಗೆ ಅದು ಅರ್ಥವಾಗದು. ಯಾವ ವಾಹನ, ಎಷ್ಟು, ಎಂಜಿನ್ ಕೆಲಸವೋ ಗೇರ್‌ಬಾಕ್ಸ್ ಕೆಲಸವೋ, ಕೈಕೆಳಗೆ ಎಷ್ಟು ಜನ, ಬಿಡಿಭಾಗಗಳ ಲೆಕ್ಕ ಯಾರದು ಎಂದು ಬಿಡಿಸಿ ಬರೆಯಿರಿ.

ಪ್ರಶ್ನೆ: ನಿವೃತ್ತನಾಗಿ ಆರು ತಿಂಗಳಾಯಿತು. ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಸೆಕ್ಯುರಿಟಿ ಕೆಲಸ ಸಿಗುತ್ತಿದೆ. ಸೇರಿದರೆ ಸರ್ಕಾರಿ ಕೋಟಾ ಕೈತಪ್ಪುತ್ತದೆಯೇ?
– ಓದುಗರು, ಬೆಳಗಾವಿ

ಉತ್ತರ: ಇಲ್ಲ, ನಿಶ್ಚಿಂತೆಯಿಂದ ಸೇರಿ. ಯಾವಾಗ ಬೇಕಾದರೂ ತೆಗೆದುಹಾಕಬಹುದಾದ ಗುತ್ತಿಗೆ ಕೆಲಸದಿಂದ ಕೇಂದ್ರದ ಮೀಸಲಾತಿ ಹೋಗುವುದಿಲ್ಲ. ಹೋಗುವುದು ಕೋಟಾದಲ್ಲಿ ಕಾಯಂ ಸರ್ಕಾರಿ ಹುದ್ದೆಗೆ ಸೇರಿದಾಗ. ಅದಕ್ಕೂ ಒಂದು ದಾರಿಯಿದೆ. 2014ರ ಆಗಸ್ಟ್ 14ರ ಕೇಂದ್ರ ಆದೇಶದಂತೆ, ಮೊದಲ ಹುದ್ದೆಗೆ ಸೇರುವ ಮುನ್ನವೇ ಬೇರೆ ಹುದ್ದೆಗಳಿಗೂ ಅರ್ಜಿ ಹಾಕಿದ್ದರೆ ಅವುಗಳಿಗೆ ಮೀಸಲಾತಿ ಉಳಿಯುತ್ತದೆ. ಆದರೆ ಕೆಲಸಕ್ಕೆ ಹಾಜರಾದ ಕೂಡಲೇ ಯಾವ ದಿನ ಯಾವ ಹುದ್ದೆಗೆ ಅರ್ಜಿ ಹಾಕಿದ್ದೀರಿ ಎಂಬ ಪಟ್ಟಿಯನ್ನು ಸ್ವಯಂ ಘೋಷಣೆಯಾಗಿ ಕಚೇರಿಗೆ ಕೊಡಬೇಕು. ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಈ ಒಂದು ಹಾಳೆ ಕೊಡದೆ ಮುಂದಿನ ಒಳ್ಳೆಯ ಹುದ್ದೆಯನ್ನು ಕಳೆದುಕೊಳ್ಳುವುದು ನಿಜಕ್ಕೂ ನೋವಿನ ವಿಷಯ.

ಇಬ್ಬರಿಗೂ ಒಂದು ಮಾತು. ನಮ್ಮ ಕಡೆಯ ಇನಿಷಿಯಲ್‌ಗಳು ದಾಖಲೆ ಪರಿಶೀಲನೆಯಲ್ಲಿ ತೊಂದರೆ ಕೊಡುತ್ತವೆ. ಅಂಕಪಟ್ಟಿಯಲ್ಲಿ ‘ಎಚ್.ಆರ್.’ ಎಂದಿದ್ದದ್ದು ಡಿಸ್ಚಾರ್ಜ್ ಬುಕ್ಕಿನಲ್ಲಿ (ಬಿಡುಗಡೆಯಾಗುವಾಗ ಸೇನೆ ಕೊಡುವ ಪುಸ್ತಕ) ಊರು, ತಂದೆಯ ಹೆಸರಾಗಿ ಬಿಡಿಸಿಕೊಂಡಿರುತ್ತದೆ, ಆಧಾರ್‌ನಲ್ಲಿ ಮತ್ತೊಂದು. ಸೇವೆಯಲ್ಲಿರುವಾಗ ಯೂನಿಟ್ ಮೂಲಕ ತಿದ್ದಿಸುವುದು ಸುಲಭ. ನಿವೃತ್ತರಾದವರು ಮೊದಲು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಿ. ಮಾಜಿ ಸೈನಿಕರ ಗುರುತಿನ ಚೀಟಿ, ಉದ್ಯೋಗ ನೋಂದಣಿ ಅಲ್ಲೇ ಆಗುತ್ತವೆ. ಹೋಗುವಾಗ ಡಿಸ್ಚಾರ್ಜ್ ಬುಕ್ ಮತ್ತು ಪಿ.ಪಿ.ಒ. (ಪಿಂಚಣಿ ಪಾವತಿ ಆದೇಶ)ಗಳ ಮೂಲ ಪ್ರತಿ ಜೊತೆಗಿರಲಿ.